ಓದುಗರ ಪ್ರಶ್ನೆ: ಕಸುಬು ಕಲಿಸೋದು ಸರಿ, ಆದ್ರೆ ಯಾರ ಕೈಲಿ, ಯಾವ ಹೊತ್ತಲ್ಲಿ?

ಹೋದ ಸಂಚಿಕೇಲಿ ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನ ಕಸುಬಿನ ಶಾಲೆಗಳ ಬಗ್ಗೆ ಅರ್ಧ ಪುಟ ಬರೆದಿದ್ದೆ. ಅದಕ್ಕೆ ಬಂದ ಪತ್ರ ನೋಡಿದ್ರೆ ಇಷ್ಟು ಜನಕ್ಕೆ ಇದ್ರಲ್ಲಿ ಆಸಕ್ತಿ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ, ತುಂಬಾ ಖುಷಿ ಆಯ್ತು. ಹಾಗಾಗಿ ಈ ಸಲ ಇಡೀ ಅಂಕಣ ಅದಕ್ಕೇ.

ಪ್ರಶ್ನೆ: ಸಾರ್, ನಾನು ಐಟಿಐಲಿ ಫಿಟ್ಟರ್ ಎರಡನೇ ವರ್ಷ. ಆ ಕಾಲದಲ್ಲಿ ಕೆಲಸಗಾರರಿಗೆ ಅಂತಾನೇ ಶಾಲೆ ತೆಗೆದ್ರೂ ಅವ್ರು ಬರ್ಲಿಲ್ಲ, ಓದು ಅಂದ್ರೆ ಅವ್ರಿಗೆ ಬೇಡವಾಗಿತ್ತು ಅಂತ ನಮ್ಮ ಮೇಷ್ಟ್ರು ಹೇಳಿದ್ರು. ನಿಜಾನಾ? (ತುಮಕೂರಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಬರ್ಲಿಲ್ಲ ಅನ್ನೋದು ಅರ್ಧ ನಿಜ ತಮ್ಮಾ, ಬೇಡವಾಗಿತ್ತು ಅನ್ನೋದು ಸುಳ್ಳು. ಇದನ್ನ ಸ್ವಲ್ಪ ಹಿಂದಿನಿಂದ ಹೇಳ್ಬೇಕು, ಯಾಕಂದ್ರೆ ವಿಕ್ಟೋರಿಯಾ ಪಟ್ಟಕ್ಕೆ ಬಂದಿದ್ದು 1837ರಲ್ಲಿ, ಕೆಲಸಗಾರರ ಓದು ಯಾರ ಕೈಲಿರ್ಬೇಕು ಅನ್ನೋ ಜಗಳ ಶುರುವಾಗಿದ್ದು ಅದಕ್ಕೂ ಮುಂಚೆ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾರ್ಜ್ ಬರ್ಕ್‌ಬೆಕ್ ಅಂತ ಒಬ್ಬ ಯುವ ಪ್ರೊಫೆಸರ್ ಇದ್ರು. 1800ರ ಆಸುಪಾಸಲ್ಲಿ ಅವ್ರಿಗೆ ಪಾಠಕ್ಕೆ ಒಂದು ಸೆಂಟ್ರಿಫ್ಯೂಗಲ್ ಪಂಪಿನ ಮಾಡೆಲ್ ಬೇಕಾಗಿತ್ತು, ಅಂಥದ್ದು ಮಾಡಿಕೊಡೋ ಅಂಗಡಿ ಅಲ್ಲಿರ್ಲಿಲ್ಲ, ಅದಕ್ಕೆ ತಗಡಿನ ಕೆಲಸದವನ ಹತ್ರ ಹೋದ್ರು. ಕೆಲಸ ಎಲ್ಲಿಗೆ ಬಂತು ಅಂತ ನೋಡೋಕೆ ಆ ನೆಲಮಾಳಿಗೆಗೆ ಇಳಿದಾಗ ಕೆಲಸಗಾರರೆಲ್ಲ ಆ ಮಾಡೆಲ್ ಸುತ್ತ ಗುಂಪು ಕಟ್ಟಿಕೊಂಡು, ಇದು ಏನು, ಇದು ಯಾಕೆ ಹೀಗಿದೆ, ನೀರು ಹೇಗೆ ಮೇಲೆ ಬರುತ್ತೆ ಅಂತ ಕೇಳೋಕೆ ಶುರು ಮಾಡಿದ್ರಂತೆ. ಕೈಯಾರೆ ಅದನ್ನ ಮಾಡ್ತಿದ್ದವ್ರಿಗೇ ಅದು ಹೇಗೆ ಕೆಲಸ ಮಾಡುತ್ತೆ ಅಂತ ಯಾರೂ ಹೇಳಿರ್ಲಿಲ್ಲ! ಬರ್ಕ್‌ಬೆಕ್ ಶನಿವಾರ ಸಂಜೆ ಅವ್ರಿಗೆ ಬಿಟ್ಟಿ ಪಾಠ ಶುರು ಮಾಡಿದ್ರು. ಮೊದಲ ದಿನ ಬಂದಿದ್ದು 75 ಜನ, ನಾಲ್ಕನೇ ಪಾಠದ ಹೊತ್ತಿಗೆ 500. ವಾರವಿಡೀ ದುಡಿದು ಶನಿವಾರ ಸಂಜೆ ಪಾಠ ಕೇಳೋಕೆ ಬಂದ 500 ಜನಕ್ಕೆ ಓದು ಬೇಡವಾಗಿತ್ತು ಅಂತ ಹೇಗೆ ಹೇಳ್ತೀರಾ?

ಆಮೇಲೆ 1823ರಲ್ಲಿ ಲಂಡನ್ನಿನಲ್ಲಿ ಕೆಲಸಗಾರರಿಗೆ ಪಾಠ ಹೇಳೋಕೆ ಅಂತ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ ಹುಟ್ಟಿತು. ಅದರ ಮೊದಲ ಕರೆ ಕೊಟ್ಟಿದ್ದು ಕೆಲಸಗಾರರ ಪತ್ರಿಕೆಯೊಂದನ್ನ ನಡೆಸ್ತಿದ್ದ ರಾಬರ್ಟ್‌ಸನ್ ಮತ್ತು ಅವರ ಜೊತೆಗಿದ್ದ ಥಾಮಸ್ ಹಾಜ್‌ಸ್ಕಿನ್. ಇವರಿಬ್ರ ಹಠ ಏನಂದ್ರೆ, ದುಡ್ಡು ಕೆಲಸಗಾರರದ್ದೇ ಆಗ್ಲಿ, ಆಡಳಿತಾನೂ ಅವರದ್ದೇ ಆಗ್ಲಿ, ಆಳೋರ ಕೈಲಿ ಓದು ಕಲಿಯೋದಕ್ಕಿಂತ ಓದಿಲ್ದೆ ಇರೋದೇ ವಾಸಿ. ಆದ್ರೆ ಕಟ್ಟಡ, ಪುಸ್ತಕ, ಮೇಷ್ಟ್ರು ಅಂದ್ರೆ ಕೆಲಸಗಾರರ ಪುಡಿಗಾಸಲ್ಲಿ ಆಗೋ ಮಾತಲ್ಲ ಅಂತ ಫ್ರಾನ್ಸಿಸ್ ಪ್ಲೇಸ್ ಶ್ರೀಮಂತರ ಹತ್ರ ಚಂದಾ ಎತ್ತಿದ್ರು. ಪ್ಲೇಸ್ ಅವರೇನೂ ಹೊರಗಿನವ್ರಲ್ಲ, ಚರ್ಮದ ಚಡ್ಡಿ ಹೊಲಿಯೋ ಕಸುಬಿನಿಂದ ಮೇಲೆ ಬಂದವ್ರು. ಕಮಿಟೀಲಿ ಮೂರರಲ್ಲಿ ಎರಡು ಪಾಲು ಕೆಲಸಗಾರರೇ ಇರ್ಬೇಕು ಅನ್ನೋ ನಿಯಮ ಬಂತು, ಆದ್ರೂ ದುಡ್ಡಿನ ಚೀಲ ಯಾರ ಕೈಲಿತ್ತೋ ಮಾತೂ ನಿಧಾನಕ್ಕೆ ಅವರದ್ದೇ ಆಯ್ತು. ಇಂಥ ಎಷ್ಟೋ ಸಂಸ್ಥೆಗಳಲ್ಲಿ ರಾಜಕೀಯ ಮಾತಾಡೋ ಹಾಗಿಲ್ಲ, ಧರ್ಮದ ಚರ್ಚೆ ಇಲ್ಲ, ಕೆಲವು ಕಡೆ ಪೇಪರ್ ಕೂಡ ಇಡೋ ಹಾಗಿಲ್ಲ ಅಂತ ಆಯ್ತು. ಮ್ಯಾಂಚೆಸ್ಟರಲ್ಲಿ ಗಿರಣಿ ಮಾಲೀಕರೇ ಡೈರೆಕ್ಟರುಗಳು, ಮೆಂಬರುಗಳಿಗೆ ಓಟಿಲ್ಲ, ಅದಕ್ಕೆ 1829ರಲ್ಲಿ ರೋಲ್ಯಾಂಡ್ ಡೆಟ್ರೋಸಿಯರ್ ಅನ್ನೋರ ಜೊತೆ ಒಂದು ಗುಂಪು ಹೊರಗೆ ಬಂದು ತಮ್ಮದೇ ಸಂಸ್ಥೆ ಕಟ್ಟಿತು. 1840ರ ಹೊತ್ತಿಗೆ ಅದೇ ಊರಲ್ಲಿ ಸಹಕಾರದ ಬದುಕು ಸಾರಿದ ರಾಬರ್ಟ್ ಓವೆನ್ ಅನುಯಾಯಿಗಳು ಹಾಲ್ ಆಫ್ ಸೈನ್ಸ್ ಅಂತ ದೊಡ್ಡದೊಂದು ಸಭಾಭವನ ಎಬ್ಬಿಸಿದ್ರು, ಮುಂದೆ ಊರಿನ ಸಾರ್ವಜನಿಕ ಲೈಬ್ರರಿ ಶುರುವಾಗಿದ್ದು ಆ ಕಟ್ಟಡದಲ್ಲೇ.

1850ರ ಸುಮಾರಿಗೆ ಇಂಗ್ಲೆಂಡ್ ಒಂದರಲ್ಲೇ ಈ ಥರದ ಸಂಸ್ಥೆಗಳು 600ಕ್ಕೂ ಮೇಲಿದ್ವು, ಆದ್ರೆ ಬೆಂಚಲ್ಲಿ ಕೂತಿದ್ದವ್ರಲ್ಲಿ ಗುಮಾಸ್ತರು, ಅಂಗಡಿಯವ್ರು ಜಾಸ್ತಿ. ನಿಮ್ಮ ಮೇಷ್ಟ್ರು ಹೇಳಿದ್ದು ಈ ಭಾಗ. ಯಾಕೆ ಹಾಗಾಯ್ತು ಅನ್ನೋದು ಮುಂದಿನ ಪತ್ರದಲ್ಲಿದೆ, ಅವರಿಗೂ ಓದಿ ಹೇಳಿ.

ಪ್ರಶ್ನೆ: ಸರ, ದಿನಾ ಹತ್ತ್ ಹನ್ನೆರಡ್ ತಾಸು ಗಿರಣ್ಯಾಗ ದುಡದ ಮಂದಿ ಸಂಜಿ ಶಾಲಿಗೆ ಹೆಂಗ ಹೋಗ್ತಿದ್ರು ಅಂತೀನ್ರಿ? ನಮ್ಮಪ್ಪ ಮಿಲ್ಲಿನ್ಯಾಗ ಇದ್ದವ, ಮನಿಗೆ ಬಂದ್ರ ಊಟಾ ಮಾಡೂದ್ರಾಗ ನಿದ್ದಿ ಹತ್ತತಿತ್ತು. (ಹುಬ್ಬಳ್ಳಿಯಿಂದ)

ಉತ್ತರ: ನಿಮ್ಮಪ್ಪಾರ ನಿದ್ದೆಯಲ್ಲೇ ಉತ್ತರ ಇದೆ ನೋಡಿ. ಬಟ್ಟೆ ಗಿರಣಿಯ ಹೆಂಗಸರಿಗೆ, 13ರಿಂದ 18 ವರ್ಷದೊಳಗಿನ ಹುಡುಗ ಹುಡುಗಿಯರಿಗೆ ಹತ್ತು ಗಂಟೆ ಮಿತಿ ಹಾಕಿದ ಕಾನೂನು ಬಂದಿದ್ದೇ 1847ರಲ್ಲಿ. ಮಕ್ಕಳು 8 ವರ್ಷಕ್ಕೇ ಅರ್ಧ ದಿನ ಗಿರಣಿ ಅರ್ಧ ದಿನ ಶಾಲೆ ಅಂತ ಹೋಗಬಹುದಿತ್ತು, ಅದು 1844ರ ಕಾನೂನು. ಬೆಳಿಗ್ಗೆ ಮಗ್ಗದ ಸದ್ದಲ್ಲಿ ನಿಂತು ಬಂದ ಮಗು ಮಧ್ಯಾಹ್ನ ಬೆಂಚ್ ಮೇಲೆ ಏನು ಕಲಿಯುತ್ತೆ ಹೇಳಿ? ಇಂಥವರೇ ಬೆಳೆದು ದೊಡ್ಡವರಾದ ಮೇಲೆ ರಾತ್ರಿ ಎಂಟಕ್ಕೆ ರಸಾಯನ ಶಾಸ್ತ್ರದ ಉಪನ್ಯಾಸಕ್ಕೆ ಕೂರಿಸಿದ್ರೆ ಮೇಷ್ಟ್ರು ಹೇಳಿದ ಅರ್ಧ ಪದ ಅರ್ಥ ಆಗ್ತಿರ್ಲಿಲ್ಲ, ಲೆಕ್ಕವೇ ಸರಿಯಾಗಿ ಬರ್ತಿರ್ಲಿಲ್ಲ. ತಪ್ಪು ಅವರದ್ದಲ್ಲ.

ಅದಕ್ಕೇ ಕೆಲಸಗಾರರ ಬಾಯಲ್ಲಿ ಓದಿನ ಬೇಡಿಕೆ ಮತ್ತು ಹೊತ್ತಿನ ಬೇಡಿಕೆ ಯಾವಾಗ್ಲೂ ಒಟ್ಟಿಗೇ ಬರೋದು. ನಂಗೆ ತುಂಬಾ ಇಷ್ಟವಾದ ಉದಾಹರಣೆ ಮುಂದೆ ದೊಡ್ಡ ಕಾರ್ಮಿಕ ನಾಯಕರಾದ ಟಾಮ್ ಮ್ಯಾನ್. 1856ರಲ್ಲಿ ಕವೆಂಟ್ರಿ ಹತ್ರ ಹುಟ್ಟಿದವ್ರು, ಹತ್ತು ವರ್ಷಕ್ಕೆ ಕಲ್ಲಿದ್ದಲು ಗಣಿ ಒಳಗೆ ಸೊಂಟಕ್ಕೆ ಬೆಲ್ಟು ಚೈನು ಕಟ್ಟಿಕೊಂಡು ಅಂಬೆಗಾಲಲ್ಲಿ ಪೆಟ್ಟಿಗೆ ಎಳೀತಿದ್ರು. 1870ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದು ಟೂಲ್ ಮಾಡೋ ಕಡೆ ಅಪ್ರೆಂಟಿಸ್ ಆದ್ರು, ಬೆಳಿಗ್ಗೆ ಆರರಿಂದ ಸಂಜೆ ಆರು, ಮೇಲೆ ಓವರ್‌ಟೈಮ್. ಅಷ್ಟೊತ್ತಿಗೆ 1871ರಲ್ಲಿ ಉತ್ತರದ ಟೈನ್ ನದಿ ದಡದ ಎಂಜಿನಿಯರಿಂಗ್ ಕೆಲಸಗಾರರು ಜಾನ್ ಬರ್ನೆಟ್ ಮುಂದಾಳತ್ವದಲ್ಲಿ ಐದು ತಿಂಗಳು ಸ್ಟ್ರೈಕ್ ಮಾಡಿ ದಿನಕ್ಕೆ ಒಂಬತ್ತು ಗಂಟೆ ಅಂದ್ರೆ ವಾರಕ್ಕೆ 54 ಗಂಟೆ ಗೆದ್ದಿದ್ರು, ಅದು ದೇಶವೆಲ್ಲ ಹರಡಿ ಬರ್ಮಿಂಗ್‌ಹ್ಯಾಮಿಗೂ ಬಂತು. ಸಂಜೆ ಐದಕ್ಕೆ ಕೆಲಸ ಬಿಡ್ತಿದ್ದ ಹಾಗೇ ಆ ಹುಡುಗ ವಾರಕ್ಕೆ ಮೂರು ಸಂಜೆ ಕ್ಲಾಸಿಗೆ ಹೋಗೋಕೆ ಶುರು ಮಾಡಿದ, ಮೆಶಿನ್ ಡ್ರಾಯಿಂಗ್ ಕಲಿತ. ಆ ಸಿಕ್ಕ ಬಿಡುವೇ ತನ್ನ ಬದುಕು ಬದಲಿಸಿದ್ದು ಅಂತ ಮುದುಕರಾದ ಮೇಲೂ ನೆನೆಸ್ಕೋತಾರೆ. ಒಂದು ಸ್ಟ್ರೈಕು ಎಷ್ಟು ಜನರನ್ನ ಶಾಲೆಗೆ ಕಳಿಸ್ತು ಅಂತ ಯಾರೂ ಲೆಕ್ಕ ಇಟ್ಟಿಲ್ಲ, ಇಡಬೇಕಿತ್ತು ಅಂತ ನಂಗನ್ಸುತ್ತೆ.

ಪ್ರಶ್ನೆ: ನಮಸ್ಕಾರ. ನಮ್ಮ ತಾತ ಕೆಜಿಎಫ್‌ನಲ್ಲಿದ್ದರು, ಗಣಿಯ ಇಂಗ್ಲಿಷ್ ಮೇಲ್ವಿಚಾರಕರನ್ನ ಕ್ಯಾಪ್ಟನ್ ಅಂತ ಕರೀತಿದ್ರಂತೆ. ಅವರು ಎಲ್ಲಿ ಕಲಿತು ಬಂದವರು? (ಕೋಲಾರದಿಂದ)

ಉತ್ತರ: ಕ್ಯಾಪ್ಟನ್ ಅನ್ನೋದು ಇಂಗ್ಲೆಂಡಿನ ತೆಂಕಣ ತುದಿ ಕಾರ್ನ್‌ವಾಲಿನ ತವರ ತಾಮ್ರದ ಗಣಿಗಳ ಮಾತು. 1880ರಿಂದ ಕೋಲಾರದ ಗಣಿ ನೋಡಿಕೊಂಡ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಗೆ ಕಾರ್ನ್‌ವಾಲ್ ಜೊತೆ ಹಳೇ ನಂಟು, ಅಲ್ಲಿಂದಲೇ ಜನರನ್ನ ಕರೆಸಿಕೊಂಡ್ರು. 1866ರಲ್ಲಿ ಅಲ್ಲಿ ತಾಮ್ರದ ಗಣಿ ವ್ಯವಹಾರ ಕುಸಿದು ಬಿದ್ದ ಮೇಲೆ ಹೊಟ್ಟೆಪಾಡಿಗೆ ಜಗತ್ತೆಲ್ಲ ಚೆದುರಿದ ಜನ ಅವರು. ಅಲ್ಲಿ ಸಾಮಾನ್ಯ ಗಣಿ ಆಳೂ ಕ್ಯಾಪ್ಟನ್ ಆಗಬಹುದಿತ್ತು, ಆದ್ರೆ ನೆಲದೊಳಗೆ ದಿಕ್ಸೂಚಿ ಹಿಡಿದು ಸರ್ವೆ ಮಾಡೋಕೆ, ಅದಿರು ಪರೀಕ್ಷೆ ಮಾಡೋಕೆ ಬರಬೇಕು. 1859ರಲ್ಲಿ ರಾಬರ್ಟ್ ಹಂಟ್ ಅನ್ನೋರು ಗಣಿಗಾರರ ಸಂಘ ಕಟ್ಟಿ ಮೇಷ್ಟ್ರನ್ನೇ ಗಣಿ ಊರುಗಳಿಗೆ ಕಳಿಸಿದ್ರು, ಆ ದಾರೀಲೇ ಮುಂದೆ 1888ರಲ್ಲಿ ಕ್ಯಾಂಬೋರ್ನ್ ಗಣಿ ಶಾಲೆ ಬಂತು.

ಗಣಿ ಜನಕ್ಕೆ ಓದು ಅಂದ್ರೆ ಬಡ್ತಿ ಒಂದೇ ಅಲ್ಲ, ಜೀವದ ಪ್ರಶ್ನೆ. 1862ರ ಜನವರೀಲಿ ನಾರ್ತಂಬರ್‌ಲ್ಯಾಂಡಿನ ಹಾರ್ಟ್ಲಿ ಕಲ್ಲಿದ್ದಲು ಗಣೀಲಿ ನೀರೆತ್ತೋ ಎಂಜಿನ್ನಿನ ದೊಡ್ಡ ತೊಲೆ ಮುರಿದು ಗಣಿಯ ಬಾವಿಗೆ ಬಿತ್ತು. ಇದ್ದಿದ್ದು ಒಂದೇ ಬಾವಿ, ಒಳಗೆ ಸಿಕ್ಕಿಕೊಂಡ ಗಂಡಸರು ಹುಡುಗರು ಸೇರಿ 204 ಜನ ಸತ್ರು. ಅದೇ ವರ್ಷ ಗಣಿಯಿಂದ ಹೊರಬರೋಕೆ ಎರಡು ದಾರಿ ಕಡ್ಡಾಯ ಆಯ್ತು, 1872ರಲ್ಲಿ ಮ್ಯಾನೇಜರ್ ಆಗೋಕೆ ಸರ್ಟಿಫಿಕೇಟ್ ಕಡ್ಡಾಯ ಆಯ್ತು. ಗಣಿ ಯೂನಿಯನ್‌ಗಳು ಮೊದಲಿಂದ ಕೇಳ್ತಾ ಇದ್ದಿದ್ದು ಇದನ್ನೇ, ನಮಗೆ ಕಲಿಸಿ ಅನ್ನೋದರ ಜೊತೆಗೆ ನಮ್ಮ ಮೇಲಿರೋನಿಗೂ ಕಲಿಸಿ ಅಂತ.

ಪ್ರಶ್ನೆ: ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್ ಆಗಿದೀನಿ, ಯೂನಿಯನ್ನಲ್ಲೂ ಇದೀನಿ. ಆಗಿನ ಯೂನಿಯನ್ನುಗಳು ಟೆಕ್ನಿಕಲ್ ಶಿಕ್ಷಣಕ್ಕೆ ಅಡ್ಡಗಾಲು ಹಾಕಿದ್ವು ಅಂತ ಓದಿದ್ದೆ, ಬೇಜಾರಾಯ್ತು. ಯಾಕೆ ಹಾಗೆ ಮಾಡಿದ್ರು ಸಾರ್? (ಬೆಂಗಳೂರಿಂದ)

ಉತ್ತರ: ಬೇಜಾರು ಮಾಡ್ಕೋಬೇಡಿ, ಪೂರ್ತಿ ಕೇಳಿ. 1868ರಲ್ಲಿ ಮ್ಯಾಂಚೆಸ್ಟರಲ್ಲಿ ಯೂನಿಯನ್ನುಗಳ ಒಕ್ಕೂಟವಾದ ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ ಮೊದಲ ಸಲ ಸೇರಿದಾಗ ಚರ್ಚೆಯ ವಿಷಯಗಳಲ್ಲಿ ಟೆಕ್ನಿಕಲ್ ಶಿಕ್ಷಣವೂ ಒಂದು! ಅಂದ್ರೆ ಅವರಿಗೆ ಅದು ಎಷ್ಟು ಮುಖ್ಯ ಆಗಿತ್ತು ಅಂತ ನೋಡಿ. ಅದಕ್ಕೂ ಹಿಂದಿನ ವರ್ಷ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ, ಕಲೆ ಕಸುಬಿಗೆ ಉತ್ತೇಜನ ಕೊಡೋ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಹತ್ತಾರು ಕುಶಲಕರ್ಮಿಗಳನ್ನ ಕಳಿಸಿ ಅವರ ಕೈಲೇ ವರದಿ ಬರೆಸಿತ್ತು. ಬಡಗಿ, ಕಲ್ಲುಕುಟಿಗ, ಕೆತ್ತನೆಯವ್ರು, ಪಿಂಗಾಣಿಯವ್ರು, ಎಲ್ಲ ತಮ್ಮ ತಮ್ಮ ಕಸುಬಿನ ಕಣ್ಣಲ್ಲಿ ನೋಡಿ ಬಂದ್ರು. ಫ್ರಾನ್ಸಿನ ಕೆಲಸಗಾರರಿಗೆ ಡ್ರಾಯಿಂಗ್ ಶಾಲೆ, ಮ್ಯೂಸಿಯಂ ಎಲ್ಲ ಸುಲಭವಾಗಿ ಸಿಗುತ್ತೆ, ಅದು ಅವರ ಕೆಲಸದ ಅಂದದಲ್ಲಿ ಕಾಣುತ್ತೆ ಅಂತ ಎಷ್ಟೋ ಜನ ಬರೆದ್ರು. ಅದೇ ಹೊತ್ತಿಗೆ ಲಯನ್ ಪ್ಲೇಫೇರ್ ಅನ್ನೋ ವಿಜ್ಞಾನಿ, ಇಂಗ್ಲೆಂಡ್ ಹಿಂದೆ ಬೀಳ್ತಿದೆ ಅಂತ ಸರ್ಕಾರ ನೇಮಿಸಿದ್ದ ಶಾಲಾ ವಿಚಾರಣಾ ಆಯೋಗಕ್ಕೆ ಪತ್ರ ಬರೆದು ಗದ್ದಲ ಎಬ್ಬಿಸಿದ್ರು. ಅವರಿಗೆ ದೇಶದ ವ್ಯಾಪಾರದ ಚಿಂತೆ, ಕೆಲಸಗಾರರಿಗೆ ತಮ್ಮ ಕಸುಬಿನ ಚಿಂತೆ.

ಹಾಗಾದ್ರೆ ಅಡ್ಡಗಾಲು ಎಲ್ಲಿಂದ ಬಂತು? ಕಸುಬು ಅಂದ್ರೆ ಅವರ ಆಸ್ತಿ. ಹದಿನಾಲ್ಕರಿಂದ ಇಪ್ಪತ್ತೊಂದರವರೆಗೆ ಏಳು ವರ್ಷ ಪುಡಿಗಾಸಿಗೆ ದುಡಿದು ಸಂಪಾದಿಸಿದ್ದು. ಏಳು ವರ್ಷ ಕಲಿಯದೆ ಕಸುಬು ಮಾಡೋ ಹಾಗಿಲ್ಲ ಅಂತಿದ್ದ 1563ರ ಹಳೇ ಕಾನೂನಿನ ಆ ಭಾಗವನ್ನ 1814ರಲ್ಲೇ ತೆಗೆದು ಹಾಕಿದ್ರು, ಅಲ್ಲಿಂದ ಕಸುಬಿನ ಬೇಲಿ ಕಾಯೋದು ಯೂನಿಯನ್ನಿನ ಕೆಲಸ ಆಯ್ತು. ಮಾಲೀಕರು ಅಪ್ರೆಂಟಿಸ್ ಅಂತ ಹುಡುಗರನ್ನ ರಾಶಿ ಹಾಕಿಕೊಂಡು ಒಂದೇ ಮೆಶಿನ್ ಮುಂದೆ ನಿಲ್ಲಿಸಿ ಅಗ್ಗದ ಕೂಲಿಗೆ ದುಡಿಸೋರು. ಇದು ನಂಗೆ ಮೈಗೆ ತಾಗಿದ ವಿಷಯ ಸಾರ್, ನಾನು ಹುಡುಗನಾಗಿದ್ದಾಗ ಅಪ್ರೆಂಟಿಸ್ ಅಂತ ಸೇರಿದ ಒಂದು ಸಣ್ಣ ಕಾರ್ಖಾನೇಲಿ ಹದಿನಾಲ್ಕು ತಿಂಗಳು ಒಂದೇ ಡ್ರಿಲ್ಲಿಂಗ್ ಮೆಶಿನ್ನಲ್ಲಿ ಒಂದೇ ಅಳತೆಯ ತೂತು ಹಾಕಿಸಿದ್ರು. ಲೇತ್ ಪಕ್ಕದಲ್ಲೇ ಇತ್ತು, ಮುಟ್ಟೋಕೆ ಬಿಡ್ಲಿಲ್ಲ, ಡ್ರಾಯಿಂಗ್ ಶೀಟ್ ಮೇಸ್ತ್ರಿ ಜೇಬಲ್ಲೇ ಇರೋದು. ಹೊರಗೆ ಬಂದಾಗ ಸರ್ಟಿಫಿಕೇಟ್ ಇತ್ತು, ಕಸುಬು ಇರ್ಲಿಲ್ಲ.

ಈಗ ಊಹಿಸಿ, ಇಂಥ ಕಡೆ ಆರು ತಿಂಗಳ ಕ್ಲಾಸಲ್ಲಿ ಗಾರೆ ಕೆಲಸ, ಪ್ಲಂಬಿಂಗ್ ಕಲಿಸಿ ನೂರಾರು ಜನರನ್ನ ಬೀದಿಗೆ ಬಿಟ್ರೆ ಏನಾಗುತ್ತೆ? ಅರೆಬರೆ ಕಲಿತವನು ಕಡಿಮೆ ಕೂಲಿಗೆ ನಿಲ್ತಾನೆ, ಪೂರ್ತಿ ಕಲಿತವನ ಕೂಲಿ ಇಳಿಯುತ್ತೆ, ಸ್ಟ್ರೈಕ್ ಆದಾಗ ಅವನನ್ನೇ ಒಳಗೆ ಬಿಟ್ಕೋತಾರೆ. 1852ರಲ್ಲಿ ಮಾಲೀಕರು ಕಾರ್ಖಾನೆಗೆ ಬೀಗ ಹಾಕಿ, ಎಂಜಿನಿಯರುಗಳ ಯೂನಿಯನ್ನಿನವ್ರು ತಿಂಗಳುಗಟ್ಟಲೆ ಹಸಿದ ನೆನಪು ಆಗಿನ್ನೂ ಹಸಿಯಾಗಿತ್ತು. ಅದಕ್ಕೆ ಅವರು ಹೇಳಿದ್ದು, ಕೈ ಕೆಲಸ ಕಾರ್ಖಾನೇಲೇ ಕಲಿಯೋದು, ಶಾಲೇಲಿ ಅದರ ಹಿಂದಿನ ಲೆಕ್ಕ, ಡ್ರಾಯಿಂಗು, ವಿಜ್ಞಾನ ಕಲಿಸಿ. ಇಟ್ಟಿಗೆ ಕಟ್ಟೋ ಕೆಲಸದಿಂದ ಬಂದು ಟ್ರೇಡ್ಸ್ ಯೂನಿಯನ್ ಕಾಂಗ್ರೆಸ್ಸಿನ ಕಾರ್ಯದರ್ಶಿಯಾಗಿದ್ದ ಜಾರ್ಜ್ ಹೋವೆಲ್ 1877ರಲ್ಲಿ ಇದರ ಬಗ್ಗೆನೇ ಒಂದು ಲೇಖನ ಬರೆದ್ರು, ಯೂನಿಯನ್, ಅಪ್ರೆಂಟಿಸ್, ಟೆಕ್ನಿಕಲ್ ಶಿಕ್ಷಣ ಮೂರನ್ನೂ ಒಟ್ಟಿಗೆ ಇಟ್ಟು.

ಈ ಮಾತು ಕಾನೂನಿಗೂ ಇಳಿಯಿತು. 1889ರ ಟೆಕ್ನಿಕಲ್ ಇನ್‌ಸ್ಟ್ರಕ್ಷನ್ ಕಾಯ್ದೆ ಊರಿನ ಆಡಳಿತಕ್ಕೆ ಒಂದು ಪೌಂಡಿಗೆ ಒಂದು ಪೆನ್ನಿ ತೆರಿಗೆ ಹಾಕಿ ಶಾಲೆ ನಡೆಸೋ ಅಧಿಕಾರ ಕೊಡ್ತು, ಆದ್ರೆ ಯಾವುದೇ ಕಸುಬಿನ ಅಭ್ಯಾಸ ಕಲಿಸೋ ಹಾಗಿಲ್ಲ, ಕಸುಬಿಗೆ ಬೇಕಾದ ವಿಜ್ಞಾನ ಮತ್ತು ಕಲೆಯ ತತ್ವ ಮಾತ್ರ ಅಂತ ಬರೆದೇ ಇಟ್ರು. ಯೂನಿಯನ್ನಿನ ಭಯ ಒಂದು ಕಡೆ, ತಮ್ಮ ಕಸುಬಿನ ಗುಟ್ಟು ಬಯಲಾಗುತ್ತೆ ಅನ್ನೋ ಮಾಲೀಕರ ಭಯ ಇನ್ನೊಂದು ಕಡೆ, ಇಬ್ರೂ ಒಪ್ಪಿದ ಅಪರೂಪದ ಜಾಗ ಇದು. ಮರುವರ್ಷ ಹೆಂಡದಂಗಡಿ ಲೈಸೆನ್ಸ್ ಬಿಡೋರಿಗೆ ಪರಿಹಾರ ಅಂತ ಎತ್ತಿಟ್ಟ ಸಾರಾಯಿ ತೆರಿಗೆ ದುಡ್ಡು ಅಲ್ಲಿ ಖರ್ಚಾಗದೆ ಕೌಂಟಿ ಕೌನ್ಸಿಲ್‌ಗಳ ಕೈಗೆ ಬಂತು, ಸುಮಾರು ಟೆಕ್ನಿಕಲ್ ಕ್ಲಾಸುಗಳು ನಡೆದಿದ್ದು ಅದರಲ್ಲೇ, ಜನ ಅದನ್ನ ವಿಸ್ಕಿ ಮನಿ ಅಂತಲೇ ಕರೆದ್ರು. ಲಂಡನ್ನಲ್ಲಿ 1893ರಲ್ಲಿ ಬಂದ ಟೆಕ್ನಿಕಲ್ ಶಿಕ್ಷಣ ಮಂಡಳೀಲಿ ಯೂನಿಯನ್ ಪ್ರತಿನಿಧಿಗಳೂ ಕೂತ್ರು, ಕಸುಬಿನ ಕ್ಲಾಸಿಗೆ ಆ ಕಸುಬಲ್ಲಿ ಈಗಾಗ್ಲೇ ಇರೋರು ಮಾತ್ರ ಸೇರಬಹುದು ಅಂತ ಆಯ್ತು. ಕ್ಲಾಸ್ ಬೇಡ ಅಂದವ್ರು ಕಮಿಟೀಲಿ ಕುರ್ಚಿ ಸಿಕ್ಕ ಮೇಲೆ ಕ್ಲಾಸ್ ನಡೆಸಿದ್ರು ಅನ್ನೋದನ್ನ ಗಮನಿಸಿ.

ಆದ್ರೆ ಬೇಲಿ ಒಳಗಿನವರಿಗೆ ನೆರಳು ಕೊಟ್ಟಷ್ಟೇ ಹೊರಗಿನವರಿಗೆ ಮುಳ್ಳೂ ಆಗಿತ್ತು, ಅದನ್ನ ಮುಚ್ಚಿಡಬಾರದು. ವಿಲಿಯಂ ಲವೆಟ್ ಕಾರ್ನ್‌ವಾಲಲ್ಲಿ ಹಗ್ಗ ಹೊಸೆಯೋದು ಕಲಿತವ್ರು, ಆ ಕಸುಬಲ್ಲಿ ಅನ್ನ ಇಲ್ದೆ 1821ರಲ್ಲಿ ಲಂಡನ್ನಿಗೆ ಬಂದು ಬೀರು ಮೇಜು ಮಾಡೋ ಬಡಗಿಗಳ ಜೊತೆ ಸೇರಿದ್ರು. ನೀನು ಈ ಕಸುಬಿಗೆ ಅಪ್ರೆಂಟಿಸ್ ಆಗಿಲ್ಲ ಅಂತ ಜೊತೆಗಾರರು ಅವರ ಉಳಿ ಬಾಚಿ ಬಚ್ಚಿಡೋದು, ಮಾಡಿದ ಕೆಲಸ ಕೆಡಿಸೋದು ಮಾಡಿ ಓಡಿಸೋಕೆ ನಿಂತ್ರು. ಲವೆಟ್ ಎಲ್ಲರನ್ನೂ ಸೇರಿಸಿ, ಕುಡಿಯೋಕೆ ತರಿಸಿಕೊಟ್ಟು, ತಮ್ಮ ಕತೆಯೆಲ್ಲ ಹೇಳಿಕೊಂಡ್ರು. ಆಮೇಲೆ ಬಿಟ್ರು. ಅದೇ ಲವೆಟ್ ಮುಂದೆ ಬಡಗಿಗಳ ಸಂಘದ ಅಧ್ಯಕ್ಷರಾದ್ರು, ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಷನ್ನಲ್ಲಿ ಪಾಠ ಕೇಳಿದ್ರು, ಓಟಿನ ಹಕ್ಕಿಗೆ ಹೋರಾಡಿ ವಾರಿಕ್ ಜೈಲಿಗೆ ಹೋದಾಗ 1839–40ರಲ್ಲಿ ಅಲ್ಲೇ ಕೂತು ದೇಶವೆಲ್ಲ ಜನರ ಶಾಲೆ ಕಟ್ಟೋ ಯೋಜನೆ ಬರೆದ್ರು.

ಪ್ರಶ್ನೆ: ನಿಮ್ಮ ಲೇಖನದಲ್ಲಿ ಬರೀ ಗಂಡಸರೇ ಇದ್ದಾರಲ್ಲ, ಹೆಂಗಸರಿಗೆ ಕಸುಬು ಕಲಿಸುವ ಶಾಲೆ ಇರಲಿಲ್ಲವಾ? (ಉಡುಪಿಯಿಂದ)

ಉತ್ತರ: ನೀವು ಕೇಳಿದ್ದು ಸರಿ ಮೇಡಂ, ನಾನು ಬಿಟ್ಟಿದ್ದು ತಪ್ಪು. ಈಗ ಹೇಳಿದ ಬೇಲಿಯ ಮುಳ್ಳು ಹೆಚ್ಚು ಚುಚ್ಚಿದ್ದು ಹೆಂಗಸರಿಗೇ. 1860ರಲ್ಲಿ ಎಮಿಲಿ ಫೇತ್‌ಫುಲ್ ಲಂಡನ್ನಲ್ಲಿ ವಿಕ್ಟೋರಿಯಾ ಪ್ರೆಸ್ ಅಂತ ಮುದ್ರಣಾಲಯ ತೆಗೆದು ಹೆಣ್ಣುಮಕ್ಕಳಿಗೆ ಅಚ್ಚಿನ ಮೊಳೆ ಜೋಡಿಸೋದು ಕಲಿಸಿದ್ರು. ಗಂಡಸರ ಸಂಘ ಅದನ್ನ ಒಪ್ಪಲಿಲ್ಲ. ಹೆಂಗಸರು ಬಂದ್ರೆ ಕೂಲಿ ಇಳಿಯುತ್ತೆ ಅಂದ್ರು. ಸಮಾನ ಕೂಲಿ ಕೊಡಿಸಿ ಅಂತ ಹೋರಾಡೋ ದಾರಿ ಎದುರಿಗೇ ಇತ್ತು, ಬಾಗಿಲು ಹಾಕೋ ದಾರಿ ಹಿಡಿದ್ರು. ಕೆಲಸಗಾರರ ಪರವಾಗಿ ಇಷ್ಟೆಲ್ಲ ಬರೆದ ನಾನು ಈ ಒಂದು ವಿಷಯದಲ್ಲಿ ಅವರ ಪರ ನಿಲ್ಲಲಾರೆ. ಹೆಂಗಸರಿಗೆ ಅಂತ 1864ರಲ್ಲಿ ಲಂಡನ್ನಲ್ಲಿ ಒಂದು ಕಾಲೇಜು ಬಂತು, ಆದ್ರೆ ಕಸುಬಿನ ಬಾಗಿಲು ತೆರೆಯೋಕೆ ಇನ್ನೂ ಬಹಳ ಕಾಲ ಹಿಡೀತು.

ಪ್ರಶ್ನೆ: ಕೆಲಸಗಾರರು ಕಸುಬಿನ ಓದು ಬಿಟ್ಟು ಬೇರೆ ಏನಾದ್ರೂ ಕೇಳಿದ್ರಾ? (ಶಿವಮೊಗ್ಗದಿಂದ)

ಉತ್ತರ: ಕೇಳಿದ್ರು, ಬೇಕಾದಷ್ಟು. 1854ರಲ್ಲಿ ಶುರುವಾದ ಲಂಡನ್ನಿನ ವರ್ಕಿಂಗ್ ಮೆನ್ಸ್ ಕಾಲೇಜಲ್ಲಿ ಚಿತ್ರ ಕಲಿಸ್ತಿದ್ದವ್ರು ಹೆಸರಾಂತ ಕಲಾ ವಿಮರ್ಶಕ ಜಾನ್ ರಸ್ಕಿನ್. ರಾಚ್‌ಡೇಲಿನ ನೇಕಾರರು ಮತ್ತಿತರರು 1844ರಲ್ಲಿ ಕಟ್ಟಿದ ಸಹಕಾರಿ ಅಂಗಡಿ ತನ್ನ ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲು ಓದಿಗೆ ಅಂತ ಎತ್ತಿಡ್ತಿತ್ತು, ಅದರಲ್ಲಿ ಲೈಬ್ರರಿ ನಡೀತು, ಪೇಪರ್ ಕೋಣೆ ನಡೀತು, ವಿಜ್ಞಾನದ ಕ್ಲಾಸೂ ನಡೀತು. ಹಿಟ್ಟು ಬೆಣ್ಣೆ ಸಕ್ಕರೆ ಮಾರಿ ಬಂದ ಸ್ವಂತ ದುಡ್ಡು, ಯಾವ ಪುಸ್ತಕ ತರಬೇಕು ಅಂತ ಯಾರ ಅಪ್ಪಣೆಯೂ ಬೇಕಿರ್ಲಿಲ್ಲ. 1823ರಲ್ಲಿ ಹಾಜ್‌ಸ್ಕಿನ್ ಕೇಳಿದ್ದು ಇಂಥದ್ದನ್ನೇ.

ಪ್ರಶ್ನೆ: ನಾವು ಮುಂಬೈ ಕನ್ನಡಿಗರು. ನಮ್ಮ ಅಜ್ಜ ಪರೇಲಿನ ಬಟ್ಟೆ ಗಿರಣೀಲಿ ಜಾಬರ್, ಅಂದ್ರೆ ಮೇಸ್ತ್ರಿ ಆಗಿದ್ರು, ಅವರ ಟ್ರಂಕಿನಲ್ಲಿ ಸಿಟಿ ಅಂಡ್ ಗಿಲ್ಡ್ಸ್ ಅಂತ ಬರೆದ ಒಂದು ಸರ್ಟಿಫಿಕೇಟ್ ಸಿಕ್ಕಿದೆ. ಏನದು? (ಮುಂಬೈಯಿಂದ)

ಉತ್ತರ: ಅದನ್ನ ಜೋಪಾನವಾಗಿ ಇಡಿ, ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಹಳೇ ಕಾಗದ ಹಾಳಾಗುತ್ತೆ. ಲಂಡನ್ನಿನ ಹಳೇ ಕಸುಬು ಸಂಘಗಳು ಮತ್ತು ನಗರಾಡಳಿತ ಸೇರಿ 1878ರಲ್ಲಿ ಕಟ್ಟಿದ ಸಂಸ್ಥೆ ಅದು, ಮರುವರ್ಷದಿಂದ ಸೊಸೈಟಿ ಆಫ್ ಆರ್ಟ್ಸ್ ನಡೆಸ್ತಿದ್ದ ಕಸುಬಿನ ಪರೀಕ್ಷೆಗಳನ್ನ ವಹಿಸಿಕೊಂಡಿತು. ಆ ಸಂಘಗಳು ಕುಶಲಕರ್ಮಿಗಳ ಹೆಸರಲ್ಲಿ ನೂರಾರು ವರ್ಷದಿಂದ ಆಸ್ತಿ ಕೂಡಿಟ್ಟಿದ್ವು, ಅದನ್ನ ಕುಶಲಕರ್ಮಿಗಳಿಗೇ ಖರ್ಚು ಮಾಡಿ ಅಂತ ಒತ್ತಡ ಬಂದಿತ್ತು. ನಿಮ್ಮ ಊರಲ್ಲೇ 1887ರಲ್ಲಿ ರಾಣಿಯ ಐವತ್ತನೇ ವರ್ಷದ ನೆನಪಿಗೆ ಶುರುವಾದ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, ಅಂದ್ರೆ ಈಗಿನ ವಿಜೆಟಿಐ, ಮೊದಲಿಂದ್ಲೂ ಬಟ್ಟೆ ಗಿರಣಿಯ ಓದಿಗೆ ಹೆಸರುವಾಸಿ. ಅಜ್ಜ ಗಿರಣಿ ಕೆಲಸ ಮಾಡ್ತಾನೇ ಓದಿ ಬರೆದ್ರಾ, ಮೊದಲೇ ಬರೆದ್ರಾ ಅನ್ನೋದು ಸರ್ಟಿಫಿಕೇಟಿನ ತಾರೀಕು ನೋಡಿದ್ರೆ ಗೊತ್ತಾಗುತ್ತೆ. ಒಂದು ಫೋಟೋ ತೆಗೆದು ಕಳಿಸಿ, ಹಿಂದಿನ ಮುಖದ್ದೂ ಕಳಿಸಿ, ಮನೇಲಿ ಅಜ್ಜನ ಶಿಫ್ಟ್ ನೆನಪಿರೋರು ಯಾರಾದ್ರೂ ಇದ್ರೆ ಅವರನ್ನೂ ಕೇಳಿ ಬರೀರಿ.